ಎರಡು ವರ್ಷ, ಎರಡು ತಿಂಗಳು

ಮಾರ್ಚ್ ೪

ಪ್ರೀತಿಯ ಏಣಿ,

ನೀನು ಹೇಗಿದ್ದೀಯ? ನಿನ್ನ ಎಡ ಮೊಣಕಾಲಮ್ಮ ಹೇಗಿದ್ದಾಳೆ? ಅವಳನ್ನು ಬೇರೆಯಾಗಿಯೇ ವಿಚಾರಿಸಬೇಕು, ಇಲ್ಲದಿದ್ದರೆ ಮುನಿಸಿಕೊಳ್ಳುತ್ತಾಳೆ. ನಿನ್ನ ರೂಮಿನ ಗೊರಕೆ ರಾಣಿ ಸೌಖ್ಯವೇ? ನಿಮ್ಮ ಬೋಳುತಲೆ ಕೋಚ್‌ಗೆ ಕೆಮ್ಮು ಬಿಟ್ಟಿತೇ? ಇಲ್ಲಿ ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಇಸ್ತ್ರಿಯ ಕಡೆಗೆ ಹಾಕಿದ್ದಾರೆ, ಒಗೆಯುವುದು ತಪ್ಪಿತು. ನಿನ್ನ ದೊಡ್ಡಮ್ಮನಿಗೆ ಬಾಯಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ನೋಯುತ್ತದಂತೆ. ನನ್ನ ಕಿವಿ ಇನ್ನಷ್ಟು ಮಂದವಾಗಿದೆ. ಮೂವತ್ತು ವರ್ಷ ಆ ಕ್ರೀಡಾಂಗಣದಲ್ಲಿ ಸೀಟಿಯ ಸದ್ದು, ಚೆಂಡಿನ ಸದ್ದು ಕೇಳಿದ್ದಕ್ಕೆ ಸಿಕ್ಕ ಬಹುಮಾನ. ಫೋನಿನಲ್ಲಿ ನೀನು ಏನು ಹೇಳಿದರೂ ನನಗೆ ಗೊರಗೊರ ಅಷ್ಟೇ. ಅದಕ್ಕೇ ಈ ಕಾಗದ, ಎರಡು ವಾರ ತಡವಾದರೂ ಪೂರಾ ಕೇಳಿಸುತ್ತದಲ್ಲ.

ಚಾವಣಿ ಮತ್ತೆ ಸೋರುತ್ತಿದೆ. ಅಂಕಣದ ಮಧ್ಯೆ ಎರಡು ಬಕೆಟ್ ಇಟ್ಟಿದ್ದೇನೆ. ಹುಡುಗಿಯರು ಬಕೆಟ್ಟಿನ ಸುತ್ತ ಚೆಂಡು ಕುಟ್ಟಿಕೊಂಡು ಎಷ್ಟು ಚೆನ್ನಾಗಿ ತಿರುಗುತ್ತಾರೆ ಅಂದರೆ, ಚಾವಣಿ ರಿಪೇರಿ ಮಾಡಿಸಬೇಡಿ ಅಂತ ಹೇಳೋಣ ಅನ್ನಿಸಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ಸೋಮವಾರ ನೆಲ ಒರೆಸುತ್ತಿದ್ದೆ. ಕ್ರೀಡಾ ಸಂಘದ ಆಫೀಸಿನಿಂದ ಒಬ್ಬ ಹೆಂಗಸು ಫೈಲು ಹಿಡಿದುಕೊಂಡು ಬಂದರು. ಒದ್ದೆ ನೆಲದ ಮೇಲೇ ಕಾಲಿಟ್ಟರು. "ಅಮ್ಮಾ, ಚಪ್ಪಲಿ" ಅಂದೆ. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಒಳ್ಳೆಯವರೇ.

"ಆ ಹುಡುಗಿ ಬ್ಯಾಸ್ಕೆಟ್‌ಬಾಲ್ ಕಲಿತದ್ದು ಇಲ್ಲೇ ಅಲ್ವಾ? ನೀವು ಅವಳಿಗೆ ಏನಾಗಬೇಕು?"

"ದೊಡ್ಡಪ್ಪ."

"ಹಾಗಾದ್ರೆ ಹುಟ್ಟಿದ ದಿನ ಗೊತ್ತಿರಬೇಕು."

"ನವೆಂಬರ್ ಹದಿನೇಳು" ಅಂದೆ. ವರ್ಷವನ್ನೂ ಹೇಳಿದೆ. ಅದು ನನಗೆ ಬಾಯಿಪಾಠ. ಅವರು ತಲೆ ಎತ್ತದೆ, ಫೈಲಿನಲ್ಲಿ ಬೆರಳಿಟ್ಟುಕೊಂಡು, "ಅದಕ್ಕೂ ಎರಡು ವರ್ಷ ಹಿಂದೆ, ಸೆಪ್ಟೆಂಬರ್ ಹನ್ನೆರಡು ಅಲ್ವಾ?" ಅಂದರು. "ನನಗೆ ನೆಲ ಒರೆಸೋದು ಬಿಟ್ಟು ಬೇರೇನೂ ಗೊತ್ತಿಲ್ಲಮ್ಮ" ಅಂದೆ. ನಕ್ಕರು. ಹೋಗುವಾಗ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಗೇಟಿನ ತನಕ ಬರಿಗಾಲಲ್ಲೇ ಹೋದರು. ನನಗೆ ಆ ನಗುವಿಗಿಂತ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಏನೋ ಲೆಕ್ಕ ಹಾಕುತ್ತಿರುವವರು ಮಾತ್ರ ಹಾಗೆ ಮರೆಯುತ್ತಾರೆ.

ಅಮ್ಮನಿಗೆ ಏನೂ ಹೇಳಿಲ್ಲ. ಅಲ್ಲಿ ಯಾರು ಏನೇ ಕೇಳಿದರೂ ನೀನು ನವೆಂಬರ್ ಹದಿನೇಳು ಅಂತಲೇ ಹೇಳು. ಬೇರೆ ತಾರೀಕು ಬಾಯಿಗೆ ಬರುವುದು ಬೇಡ.

ನಿನ್ನ
ದೊಡ್ಡಪ್ಪ

---

ಮಾರ್ಚ್ ೨೨

ದೊಡ್ಡಪ್ಪ,

ನಿಮ್ಮ ಕಾಗದ ಬಂದಾಗ ಇಲ್ಲಿ ಆಗಲೇ ಎಲ್ಲ ಶುರುವಾಗಿತ್ತು. ಇದನ್ನ ನಮ್ಮ ಕಟ್ಟಡದ ಕೆಳಗಿನ ಬಟ್ಟೆ ಒಗೆಯೋ ರೂಮಿನಲ್ಲಿ ಕೂತು ಬರೀತಿದ್ದೀನಿ. ಮೆಷಿನ್ ತಿರುಗೋ ತನಕ ಇಲ್ಲಿಗೆ ಯಾರೂ ಬರಲ್ಲ.

ಕ್ಲಬ್ಬಿನ ಮ್ಯಾನೇಜರ್ ಕರೆದಳು. ಅವಳ ಮುಖಕ್ಕೆ ದಿನಾ ಇಸ್ತ್ರಿ ಹಾಕ್ತಾರೆ ಅಂತ ನಾವು ತಮಾಷೆ ಮಾಡ್ತೀವಿ. ಯಾರೋ ಹೆಸರು ಹಾಕದೆ ಕಾಗದ ಬರೆದಿದ್ದಾರಂತೆ, ನನ್ನ ವಯಸ್ಸು ಸುಳ್ಳು ಅಂತ. ನಮ್ಮ ಸಂಘಕ್ಕೂ ಒಂದು ಪ್ರತಿ ಹೋಗಿದೆ. ಇಪ್ಪತ್ತೈದರೊಳಗಿನ ವಿದೇಶಿ ಆಟಗಾರ್ತಿಗೆ ಇಲ್ಲಿ ತಂಡಕ್ಕೆ ಒಂದೇ ಜಾಗ. ಆ ಜಾಗ ನನ್ನದು. ಜುಲೈ ಒಂದಕ್ಕೆ ಹೊಸ ಒಪ್ಪಂದ, ಮೂರು ವರ್ಷಕ್ಕೆ. ಜೂನ್ ಮೂವತ್ತರೊಳಗೆ ವಯಸ್ಸು ಸಾಬೀತು ಮಾಡದಿದ್ದರೆ ಒಪ್ಪಂದ ಇಲ್ಲ, ಮೇಲೆ ನಿಷೇಧ, ಊರಲ್ಲಿ ಗೆದ್ದದ್ದೆಲ್ಲ ವಾಪಸ್.

ಮೂರು ದೇಶ, ನಾಲ್ಕು ತಂಡ, ಆರು ವರ್ಷ ದೊಡ್ಡಪ್ಪ. ಮೊದಲನೇ ಕಡೆ ಚಳಿಗೆ ಚೆಂಡು ಕಲ್ಲಾಗಿರ್ತಿತ್ತು. ಎರಡನೇ ಕಡೆ ಅರ್ಧ ಸೀಸನ್ನಿಗೇ ತಂಡ ಮುಚ್ಚಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹೋದ್ರು. ಎಲ್ಲಾ ಕಡೆ ಮಂಚ ನನಗೆ ಗಿಡ್ಡ, ಕಾಲ ಹತ್ರ ಸ್ಟೂಲ್ ಇಟ್ಕೊಂಡು ಮಲಗ್ತೀನಿ. ಈಗ ಮೊದಲನೇ ಸಲ ನನ್ನನ್ನ ಮೂರು ವರ್ಷ ಇಟ್ಕೊಳ್ಳೋ ಜನ ಸಿಕ್ಕಿದ್ದಾರೆ. ಇದು ಹೋದ್ರೆ ಇನ್ನೊಂದು ಬರಲ್ಲ. ಮೊಣಕಾಲು ಹೇಗಿದೆ ಅಂದ್ರಲ್ಲ, ಆಟಕ್ಕೆ ಮೊದಲು ಸೂಜಿ, ಆಟ ಆದ ಮೇಲೆ ಐಸು. ಹೀಗಿದೆ.

ಆದರೆ ಕೇಳಬೇಕಾದದ್ದು ಬೇರೆ ಇದೆ. ನನ್ನ ಸರ್ಟಿಫಿಕೇಟ್ ನನಗೆ ಆಟ ಕಲಿಸಿದ ಸೀಟಿ ಮೇಷ್ಟ್ರು ಎಲ್ಲೋ ಮಾಡಿಸಿದ ಸುಳ್ಳು ಕಾಗದ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ನೀವು ನನಗೆ ಆ ತಾರೀಕು ಕಲಿಸಿದ್ದು ನೆನಪಿದೆಯಾ? ಚೆಂಡು ಒಂದು ಸಲ ಪುಟಿಸಿದರೆ ದಿನ, ಇನ್ನೊಂದು ಸಲಕ್ಕೆ ತಿಂಗಳು, ಮೂರನೇದಕ್ಕೆ ವರ್ಷ. ಮ್ಯಾನೇಜರ್ ಹೇಳ್ತಾಳೆ, ಕಾಗದ ಸುಳ್ಳಲ್ಲವಂತೆ. ನಿಜವಾಗಲೂ ಆ ದಿನ ಆ ಆಸ್ಪತ್ರೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿದೆ. ಹಳೇ ದಾಖಲೆಯೆಲ್ಲ ಈಗ ಕಂಪ್ಯೂಟರಿಗೆ ಹಾಕಿದ್ದಾರಂತೆ. ನಮ್ಮ ಅಪ್ಪ ಅಮ್ಮನ ಹೆಸರು ಒತ್ತಿದರೆ ಎರಡು ಹುಟ್ಟು ಬರುತ್ತಂತೆ. ಸೆಪ್ಟೆಂಬರ್ ಹನ್ನೆರಡಕ್ಕೆ ಒಂದು. ಎರಡು ವರ್ಷ ಎರಡು ತಿಂಗಳು ಬಿಟ್ಟು ನವೆಂಬರ್ ಹದಿನೇಳಕ್ಕೆ ಇನ್ನೊಂದು.

ಸೆಪ್ಟೆಂಬರಿನವಳು ನಾನು. ನವೆಂಬರಿನವಳು ಯಾರು ದೊಡ್ಡಪ್ಪ?

ಏಣಿ

---

ಏಪ್ರಿಲ್ ೮

ಮಗಳೇ,

ಮೂರು ಸಲ ಬರೆದು ಹರಿದೆ. ನಿನ್ನ ದೊಡ್ಡಮ್ಮ, "ಕಾಗದ ಹರೀತಾ ಕೂತ್ರೆ ಮನೆ ಗುಡಿಸೋರು ಯಾರು" ಅಂತ ಬೈದು ಹೊರಗೆ ಹೋದಳು. ಅವಳಿಗೂ ಪೂರಾ ಗೊತ್ತಿಲ್ಲ. ಇಂದು ಹರಿಯುವುದಿಲ್ಲ.

ನವೆಂಬರಿನವಳು ನಿನ್ನ ತಂಗಿ. ಹತ್ತೊಂಬತ್ತು ದಿನ ಇದ್ದಳು. ಡಿಸೆಂಬರ್ ಆರಕ್ಕೆ ಮನೆಯಲ್ಲೇ ಹೋದಳು. ಹಾಲು ಕುಡಿದು ಮಲಗಿದವಳು ಏಳಲಿಲ್ಲ. ನಿನಗೆ ಆಗ ಎರಡೂಕಾಲು ವರ್ಷ, ತೊಟ್ಟಿಲಿಗೆ ನೀನೇ ಹತ್ತಿ ಕೂತು ಅವಳನ್ನು ಹುಡುಕಿದ್ದೆ. ನಿಮ್ಮಪ್ಪ ಇದ್ದ ಆಗ. ಹುಟ್ಟನ್ನು ಆಸ್ಪತ್ರೆಯವರೇ ಬರೆದುಕೊಂಡಿದ್ದರು, ಸಾವನ್ನು ಬರೆಸುವ ಮನಸ್ಸು ನಮಗ್ಯಾರಿಗೂ ಬರಲಿಲ್ಲ. ಅವಳ ಕುರಿತು ಒಂದು ಕಾಗದ ಉಳಿಯಿತು. ಅದರಲ್ಲಿ ಹೆಸರಿನ ಜಾಗ ಖಾಲಿ. "ಹೆಣ್ಣುಮಗು" ಅಂತ ಮಾತ್ರ. ನಿನ್ನ ಅಮ್ಮ ಅದನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಳು. ನಿಮ್ಮಪ್ಪ ಹೋದ ಮೇಲೂ ಅದು ಅಲ್ಲೇ ಇತ್ತು.

ನಿನಗೆ ಹದಿನಾಲ್ಕೂವರೆ ಆಗಿದ್ದಾಗ ಸೀಟಿ ಮೇಷ್ಟ್ರು ನನ್ನನ್ನು ಕ್ರೀಡಾಂಗಣದ ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಚೆಂಡುಗಳ ಮಧ್ಯೆ ಕೂರಿಸಿಕೊಂಡು ಹೇಳಿದರು. "ಈ ಉದ್ದಕ್ಕೆ ಹದಿನಾಲ್ಕೂವರೆ ಅಂದ್ರೆ, ಉದ್ದದ ಹುಡುಗಿ ಅಂತಾರೆ, ಅಷ್ಟೇ. ಹನ್ನೆರಡು ಅಂದ್ರೆ ದೇಶದ ತಂಡ ಬಾಗಿಲಿಗೆ ಬರುತ್ತೆ. ನಾಡಿದ್ದು ಹದಿನಾಲ್ಕರೊಳಗಿನವರ ಆಯ್ಕೆ. ಮನೇಲಿ ಯಾವುದಾದ್ರೂ ಕಾಗದ ಇದೆಯಾ ನೋಡಿ. ಇಲ್ಲದಿದ್ರೆ ಇವಳೂ ನಿಮ್ಮ ಜೊತೆ ನೆಲ ಒರೆಸ್ತಾಳೆ."

ಆ ಕೊನೇ ಮಾತು ನನಗೆ ಚುಚ್ಚಿತು. ನಿನ್ನ ಅಮ್ಮ ಕೆಲಸಕ್ಕೆ ಹೋಗಿದ್ದಾಗ ಟ್ರಂಕು ತೆಗೆದೆ. ನಾನು ಶಾಲೆಗೆ ಹೋದವನಲ್ಲ, ಸ್ಕೋರ್ ಬೋರ್ಡಿಗೆ ಬಣ್ಣ ಬಳಿಯುತ್ತ ಅಂಕಿ ಕಲಿತೆ, ತಂಡಗಳ ಹೆಸರು ಬರೆಯುತ್ತ ಅಕ್ಷರ ಕಲಿತೆ. ಅಕ್ಷರ ದುಂಡಗೆ ಅಂತ ಎಲ್ಲರೂ ಹೊಗಳುತ್ತಿದ್ದರು. ಆ ದುಂಡನೆಯ ಅಕ್ಷರದಲ್ಲೇ ಖಾಲಿ ಜಾಗದಲ್ಲಿ ನಿನ್ನ ಹೆಸರು ಬರೆದೆ. ಮಗುವಿಗೆ ಇನ್ನು ಇದರಿಂದ ಏನಾಗಬೇಕು, ಇರುವವಳಿಗಾದರೂ ಆಗಲಿ ಅನ್ನಿಸಿತು. ಬರೆಯುವಾಗ ಕೈ ನಡುಗಲಿಲ್ಲ. ಅದೇ ಈಗ ನನ್ನನ್ನು ತಿನ್ನುತ್ತಿರುವುದು. ಮುಂದೆ ಕ್ರೀಡಾಶಾಲೆಗೂ ಅದೇ ಕಾಗದ, ಪಾಸ್‌ಪೋರ್ಟಿಗೂ ಅದೇ.

ಕಾಗದವನ್ನು ಸಂಘದವರು ಇಟ್ಟುಕೊಂಡರು. ಎರಡು ತಿಂಗಳ ಮೇಲೆ ಅಮ್ಮ ಟ್ರಂಕು ಹುಡುಕಿದಳು. "ಭಾವ, ಇಲ್ಲೊಂದು ಕಾಗದ ಇತ್ತು" ಅಂದಳು. ಗೆದ್ದಲು ತಿಂದಿತ್ತು, ನಾನೇ ಎಸೆದೆ ಅಂದೆ. ಅವಳು ಟ್ರಂಕನ್ನು ತೊಳೆದು ಬಿಸಿಲಿಗೆ ಇಟ್ಟಳು. ಇಡೀ ದಿನ ಅದು ಬಾಯಿ ತೆಗೆದುಕೊಂಡು ಅಂಗಳದಲ್ಲಿ ಕೂತಿತ್ತು.

ನೀನು ಬೈ. ಆದರೆ ಏನು ಮಾಡಬೇಕು ಅಂತಲೂ ಹೇಳು.

ದೊಡ್ಡಪ್ಪ

---

ಏಪ್ರಿಲ್ ೨೫

ದೊಡ್ಡಪ್ಪ,

ಬೈಯೋಕೂ ನನ್ನ ಹತ್ರ ಏನೂ ಉಳಿದಿಲ್ಲ. ನಿಮ್ಮ ಕಾಗದ ಜೇಬಲ್ಲಿಟ್ಟುಕೊಂಡು ಎರಡು ಆಟ ಆಡಿದೆ. ಎರಡನೇದರಲ್ಲಿ ಮೂವತ್ತೊಂದು ಪಾಯಿಂಟು. ಬೋಳುತಲೆ ತಬ್ಬಿಕೊಂಡ. ಪ್ರೇಕ್ಷಕರು ನನ್ನ ಹೆಸರು ಕೂಗ್ತಿದ್ರು. ನನಗೆ ಕೇಳಿಸ್ತಿದ್ದದ್ದು ಚೆಂಡು ಮಾತ್ರ. ದಿನ, ತಿಂಗಳು, ವರ್ಷ. ದಿನ, ತಿಂಗಳು, ವರ್ಷ. ಹನ್ನೆರಡು ವರ್ಷ ಅವಳ ವಯಸ್ಸಿನಲ್ಲಿ ಬದುಕಿದ್ದೀನಿ, ಒಂದು ದಿನ ಅವಳನ್ನ ನೆನೆದಿಲ್ಲ.

ಕ್ಲಬ್ಬಿನ ವಕೀಲರು ಒಂದು ದಾರಿ ಹೇಳಿದ್ರು, ಅಂಗಿಗೆ ಗುಂಡಿ ಹಾಕೋದು ತೋರಿಸಿಕೊಟ್ಟ ಹಾಗೆ. ಎರಡು ಹುಟ್ಟು ದಾಖಲಾಗಿವೆ, ಒಂದು ಮಗು ಸತ್ತಿದೆ, ಸಾವು ದಾಖಲಾಗಿಲ್ಲ. ಯಾವ ಮಗು ಸತ್ತದ್ದು ಅಂತ ಹೇಳಬಲ್ಲವಳು ತಾಯಿ ಒಬ್ಬಳೇ. ಸತ್ತದ್ದು ದೊಡ್ಡವಳು, ಉಳಿದದ್ದು ಚಿಕ್ಕವಳು ಅಂತ ಅಮ್ಮ ಪ್ರಮಾಣ ಮಾಡಿ ಬರೆದುಕೊಟ್ಟರೆ ಮುಗೀತು. ಹಳೇ ಸಾವನ್ನ ಹಾಗೇ ದಾಖಲೂ ಮಾಡಿಸಬೇಕು. ನಮ್ಮ ಹಳೇ ಶಾಲೆ ಮುಚ್ಚಿ ಹೋಗಿರೋದರಿಂದ ಬೇರೆ ಯಾವ ರಿಜಿಸ್ಟರೂ ಇಲ್ಲ. ನಿಜ ಏನು ಅಂತ ಅವರು ನನ್ನನ್ನ ಕೇಳಲೇ ಇಲ್ಲ. ಕೇಳಬಾರದು ಅಂತಲೇ ಕೇಳಲಿಲ್ಲ.

ಬರೆಯಬೇಕಾದದ್ದನ್ನ ಟೈಪ್ ಮಾಡಿಸಿ ಇದರ ಜೊತೆ ಇಟ್ಟಿದ್ದೀನಿ. ಅಮ್ಮನಿಗೆ ನೀವು ಹೇಳಿ ದೊಡ್ಡಪ್ಪ. ನನಗೆ ಬಾಯಿ ಬರ್ತಿಲ್ಲ. ನೀವು ಬಿಚ್ಚಿದ ಟ್ರಂಕು, ನೀವೇ ಮುಚ್ಚಿ.

ಊರಿಗೆ ಬಂದುಬಿಡು ಅಂತ ಮಾತ್ರ ಬರೀಬೇಡಿ. ಬಂದು ಏನು ಮಾಡಲಿ? ಚಿಕ್ಕವಳಿದ್ದಾಗ ಬಸ್ಸು ಹತ್ತಿದರೆ ಕಂಡಕ್ಟರು, "ಮೇಲಿನ ಗಾಳಿ ಹೇಗಿದೆಯಮ್ಮ" ಅಂತಿದ್ದ, ಬಸ್ಸಿಗೆ ಬಸ್ಸೇ ನಗ್ತಿತ್ತು. ಅಂಕಣದ ಗೆರೆ ದಾಟಿ ಒಳಗೆ ಬಂದಾಗ ಮಾತ್ರ ಯಾರೂ ನಗಲಿಲ್ಲ. ಆ ಗೆರೆಯ ಹೊರಗೆ ನಾನು ಬರೀ ಉದ್ದ.

ಓದಿ ಸುಟ್ಟುಬಿಡಿ ಇದನ್ನ.

ಏಣಿ

---

ಮೇ ೧೨

ಮಗಳೇ,

ಅಮ್ಮನಿಗೆ ಹೇಳಿದೆ. ಮನೆಯಲ್ಲಿ ಹೇಳಲಾಗಲಿಲ್ಲ, ಲಾಂಡ್ರಿಗೇ ಹೋದೆ. ಆವಿಯಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲವಲ್ಲ, ಅದೇ ಒಳ್ಳೆಯದು ಅನ್ನಿಸಿತು. ಅವಳು ಮಂಚದ ಹಾಳೆಗಳನ್ನು ಮಡಚುತ್ತಿದ್ದಳು. ಜೊತೆಯವಳು ರಜೆ.

"ಬಂದ್ರಾ ಭಾವ? ಸುಮ್ನೆ ನಿಲ್ಲಬೇಡಿ, ಆ ತುದಿ ಹಿಡ್ಕೊಳ್ಳಿ" ಅಂದಳು.

ಹಿಡಿದೆ. ಹಾಳೆ ಮಡಚುವುದು ನೋಡಿದ್ದೀಯಲ್ಲ. ಎದುರು ಬದುರು ನಿಲ್ಲಬೇಕು, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಎಂಟು ಹತ್ತು ಹಾಳೆ ಮಡಚಿದೆವು. ಆಮೇಲೆ ಎಲ್ಲ ಹೇಳಿದೆ. ಟ್ರಂಕು, ಗೆದ್ದಲು, ನನ್ನ ದುಂಡನೆಯ ಅಕ್ಷರ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು" ಅಂದಳು.

"ಯಾವಾಗಿಂದ?"

"ನೀವು ಗೆದ್ದಲು ಅಂದ ದಿನದಿಂದ. ಪಕ್ಕದ ಕಾಗದದ ಮೂಲೇನೂ ಮುಟ್ಟದೆ ಅದೊಂದನ್ನೇ ಹುಡುಕ್ಕೊಂಡು ಬಂದು ತಿನ್ನೋ ಗೆದ್ದಲು ಯಾವೂರಿದ್ದು ಭಾವ?"

ಅವಳು ಮತ್ತೊಂದು ಹಾಳೆ ಎತ್ತಿದಳು. "ಹಿಡ್ಕೊಳ್ಳಿ, ನೆಲಕ್ಕೆ ತಾಗುತ್ತೆ. ವರ್ಷಾ ವರ್ಷಾ ನವೆಂಬರ್ ಹದಿನೇಳಕ್ಕೆ ಅಂಕಣದಲ್ಲಿ ಕೇಕು ಕತ್ತರಿಸ್ತಿದ್ರಿ. ಪೇಪರಲ್ಲಿ ಹಾಕಿಸ್ತಿದ್ರಿ. ಎಲ್ಲರೂ ಚಪ್ಪಾಳೆ ತಟ್ಟೋರು. ನಾನೂ ಹಿಂದೆ ನಿಂತು ತಟ್ಟುತ್ತಿದ್ದೆ. ಯಾರಿಗೆ ತಟ್ಟುತ್ತಿದ್ದೆ ಅಂತ ಯಾರಾದ್ರೂ ಕೇಳಿದ್ರಾ? ಹತ್ತೊಂಬತ್ತು ದಿನದ ಮಗೂಗೆ ಇಷ್ಟು ಜನ ತಟ್ಟುತ್ತಾರಲ್ಲ ಅಂತ ನಾನೂ ಸುಮ್ಮನಾದೆ. ತಪ್ಪು ನಿಮ್ಮೊಬ್ಬರದ್ದೇ ಅಲ್ಲ."

ಆಮೇಲೆ ಟೈಪ್ ಮಾಡಿದ ಕಾಗದ ತೆಗೆದೆ. "ನೀವೇ ಓದಿ, ನನ್ನ ಕೈ ಖಾಲಿ ಇಲ್ಲ" ಅಂದಳು. ಓದಿದೆ. "ನನ್ನ ಮೊದಲನೆಯ ಮಗಳು ಡಿಸೆಂಬರ್ ಆರರಂದು ತೀರಿಕೊಂಡಳು" ಅನ್ನುವ ಸಾಲಿಗೆ ಬಂದು ನಿಂತೆ. ನಿನ್ನ ಅಮ್ಮ ಮೊದಲ ಸಲ ಹಾಳೆ ಕೈಬಿಟ್ಟಳು.

"ಬದುಕಿರೋಳನ್ನ ಸತ್ತಳು ಅಂತ ಬರೀ ಅಂತ ಹೇಳ್ತಿರೋದು ಯಾರು? ನೀವಾ, ವಕೀಲರಾ, ಅವಳಾ?"

ನಾನು ಆ ಕಾಗದ ಮಡಚಿದೆ.

"ಅವಳೇ ಕೇಳಲಿ. ಫೋನಲ್ಲಿ ಬೇಡ. ಅವಳ ಕೈಯಲ್ಲೇ ಬರೆದು ಕೇಳಲಿ" ಅಂದಳು. ಬಿದ್ದ ಹಾಳೆಯನ್ನು ಮತ್ತೆ ಒಗೆಯುವ ರಾಶಿಗೆ ಎಸೆದು ಹೊಸದು ಎತ್ತಿಕೊಂಡಳು.

ಮಗಳೇ, ನಿನ್ನ ಕಾಲಿಗೆ ಬೀಳುತ್ತೇನೆ, ಕೇಳಬೇಡ. ನೀನು ಕೇಳಿದರೆ ಅವಳು ಬರೆದುಕೊಡುತ್ತಾಳೆ. ಅದು ನನಗೆ ಗೊತ್ತು, ನಿನಗೂ ಗೊತ್ತು, ಅದಕ್ಕೇ ಹೇಳುತ್ತಿರುವುದು. ನಾನು ಒಂದು ಹೇಳಿಕೆ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಕಾಗದ ಕದ್ದವನು ನಾನು, ಹೆಸರು ಬರೆದವನು ನಾನು, ಹುಡುಗಿಗೆ ಆಗ ತಿಳಿವಳಿಕೆ ಇರಲಿಲ್ಲ ಅಂತ. ಸೀಟಿ ಮೇಷ್ಟ್ರಿಗೆ ವಾಸನೆ ಹತ್ತಿ ಮನೆಗೇ ಬಂದರು. "ನನ್ನ ಹೆಸರು ಬಂದರೆ ಕ್ರೀಡಾಂಗಣದ ಬೀಗದ ಕೈ ನಿಮ್ಮ ಹತ್ರ ಇರಲ್ಲ" ಅಂದರು. ನಿನ್ನ ದೊಡ್ಡಮ್ಮ ಒಳಗಿನಿಂದಲೇ, "ಆ ಬೀಗದ ಕೈ ಇವರ ಸೊಂಟಕ್ಕೆ ಭಾರ ಆಗಿತ್ತು, ತಗೊಂಡ್ಹೋಗಿ ಮೇಷ್ಟ್ರೇ" ಅಂದಳು. ಇರಲಿ. ನೀನು ಹ್ಞೂಂ ಅಂದರೆ ನಾಳೆಯೇ ಆ ಫೈಲಿನ ಹೆಂಗಸಿನ ಕೈಗೆ ಕೊಡುತ್ತೇನೆ. ಎರಡು ವರ್ಷ ಆಡಿಸುವುದಿಲ್ಲ ಅಂತಾರಂತೆ. ಪದಕ ವಾಪಸ್ ಕೇಳುತ್ತಾರೆ. ಕೊಡೋಣ. ಈ ಕಡೆ ಹುಡುಗಿಯರಿದ್ದಾರೆ, ಕಲಿಸುವವರಿಲ್ಲ.

ಬಾ ಅಂತ ಬರೆಯಬೇಡಿ ಅಂತ ನೀನು ಹೇಳಿದ್ದೆ. ಬರೆದುಬಿಟ್ಟೆ.

ದೊಡ್ಡಪ್ಪ

---

ಮೇ ೨೯

ಅಮ್ಮಾ,

ನಾನೇ ಕೇಳ್ತಿದ್ದೀನಿ. ನನ್ನ ಕೈಯಲ್ಲೇ.

ಬರೆದುಕೊಡು.

ದೊಡ್ಡಪ್ಪನ ಹೇಳಿಕೆ ಬೇಡ. ಎರಡು ವರ್ಷ ಬಿಟ್ಟರೆ ಈ ಕಾಲು ಮತ್ತೆ ಎದ್ದು ನಿಲ್ಲಲ್ಲ. ಡಾಕ್ಟರ್ ಹೇಳಿಯಾಗಿದೆ, ನಿಮಗ್ಯಾರಿಗೂ ಹೇಳಿರಲಿಲ್ಲ. ನನಗೆ ಇರೋದು ಇನ್ನು ಮೂರು ವರ್ಷದ ಆಟ ಅಮ್ಮ, ಹೆಚ್ಚೆಂದರೆ. ಅದನ್ನ ಆಡಿ ಮುಗಿಸ್ತೀನಿ. ಆಮೇಲೆ ನೀನು ಏನು ಹೇಳಿದರೂ ಕೇಳ್ತೀನಿ, ಎಲ್ಲಿಗೆ ಕರೆದರೂ ಬರ್ತೀನಿ.

ಅದು ಬರೀ ಒಂದು ಕಾಗದ. ನಾನು ಇಲ್ಲೇ ಇದ್ದೀನಲ್ಲ, ಗಟ್ಟಿಯಾಗಿ, ಉದ್ದಕ್ಕೆ. ಕಾಗದದಲ್ಲಿ ಬರೆದ ತಕ್ಷಣ ನನಗೇನೂ ಆಗಲ್ಲ.

ಬೇಗ ಅಮ್ಮ. ಜೂನ್ ಮೂವತ್ತರೊಳಗೆ.

ನಿನ್ನ ಮಗಳು

---

ಆಗಸ್ಟ್ ೩

ಏಣಿ,

ಎಲ್ಲರೂ ಹೇಗಿದ್ದೀರಿ ಅಂತ ಕೇಳುವ ಶಕ್ತಿ ಇಂದು ಇಲ್ಲ. ನೀನು ಸಹಿ ಹಾಕುತ್ತಿರುವ ಫೋಟೋ ಇಲ್ಲಿನ ಪೇಪರಿನಲ್ಲಿ ಬಂತು. ನಗುತ್ತಿದ್ದೀಯ. ತೆಳ್ಳಗಾಗಿದ್ದೀಯ. ಸೀಟಿ ಮೇಷ್ಟ್ರು ಸ್ವೀಟಿನ ಡಬ್ಬ ಹಿಡಿದು ಬಂದರು. ನಿನ್ನ ದೊಡ್ಡಮ್ಮ ಬಾಗಿಲು ತೆಗೆಯದೆ ಕಿಟಕಿಯಿಂದಲೇ, "ನಿಮ್ಮ ಸೀಟಿ ಹೊರಗೇ ಊದ್ಕೊಂಡು ಹೋಗಿ" ಅಂದಳು. ಅವಳಿಗೀಗ ಎಲ್ಲ ಗೊತ್ತು. ಅವಳು ಮಾತು ಕಡಿಮೆ ಮಾಡಿದ್ದಾಳೆ ಅಂದರೆ ನೀನೇ ಯೋಚಿಸು.

ಜೂನಿನಿಂದ ನಿನ್ನ ಒಂದು ಕಾಗದವೂ ಇಲ್ಲ. ಆ ದಿನ ಇಲ್ಲಿ ಏನಾಯಿತು ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೇಳಬೇಕು.

ನಿನ್ನ ಕಾಗದವನ್ನು ಅಮ್ಮ ನಿಂತುಕೊಂಡೇ ಓದಿದಳು. ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. "ನಾಳೆ ರಜೆ ಹಾಕ್ತೀನಿ ಭಾವ, ನೀವೂ ಬನ್ನಿ" ಅಂದಳು. ಅಷ್ಟೇ. ನನ್ನ ಹೇಳಿಕೆ ಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಕೈ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ನೀನು ಬೇಡ ಅಂದಿದ್ದೆ, ಅವಳು ಹೊರಟುಬಿಟ್ಟಿದ್ದಳು, ಅಂತ ನೂರು ನೆಪ ಹೇಳಬಹುದು. ಹೆದರಿದೆ, ಅದೇ ನಿಜ.

ನೋಟರಿಯ ಮುಂದೆ ಕೈ ಎತ್ತಿ ಪ್ರಮಾಣ ಮಾಡಿದಳು. ಸಹಿ ಹಾಕಿದಳು. ಅಲ್ಲಿಂದ ಸಾವು ದಾಖಲಿಸುವ ಕಿಟಕಿಗೆ ಹೋದೆವು. ಗುಮಾಸ್ತ ಪಾಪ, ಎಳೆಯವನು, ತಲೆ ತಗ್ಗಿಸಿ ಒಂದೊಂದೇ ಕೇಳುತ್ತಾ ಹೋದ. ಸತ್ತ ದಿನ? ಹೇಳಿದಳು. ಆಗ ಮಗುವಿನ ವಯಸ್ಸು? "ಎರಡೂಕಾಲು ವರ್ಷ." ಕಾರಣ? "ಮಲಗಿದವಳು ಏಳಲಿಲ್ಲ." ಹೆಸರು?

ಆ ಕಾಲಂ ಇದೆ ಅನ್ನುವುದನ್ನು ವಕೀಲರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಎರಡೂಕಾಲು ವರ್ಷದ ಮಗುವಿಗೆ ಹೆಸರಿಲ್ಲ ಅಂದರೆ ಯಾರು ನಂಬುತ್ತಾರೆ? ನಿನ್ನ ಹೆಸರು ಹೇಳುವ ಹಾಗಿಲ್ಲ, ಅದು ಚಿಕ್ಕವಳದು ಅಂತ ಆಗಿಹೋಗಿದೆ. ನಿನ್ನ ಅಮ್ಮ ಒಂದು ಕ್ಷಣವೂ ತಡೆಯದೆ ಒಂದು ಹೆಸರು ಹೇಳಿದಳು. ನಾನು ಈ ಮನೆಯಲ್ಲಿ ಎಂದೂ ಕೇಳಿರದ ಹೆಸರು. ಗುಮಾಸ್ತನಿಗೆ ಕೇಳಿಸಲಿಲ್ಲ ಅಂತ ಅಕ್ಷರ ಬಿಡಿಸಿ ಬಿಡಿಸಿ ಹೇಳಿದಳು. ಹೊರಗೆ ಬಂದ ಮೇಲೆ, "ಅದು ಯಾರ ಹೆಸರಮ್ಮ?" ಅಂದೆ. "ಹತ್ತೊಂಬತ್ತು ದಿನ ಅವಳನ್ನ ನಾನು ಹಾಗೇ ಕರೀತಿದ್ದೆ" ಅಂದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಸಲ ಅವಳ ಕಾಗದದ ಮೇಲೆ ನನ್ನ ಅಕ್ಷರ ಬೀಳುವುದು ಬೇಡ. ಅದನ್ನು ನಿನಗೆ ಅವಳೇ ಹೇಳಬೇಕು.

ಈಗ ಕೇಳು. ಒಪ್ಪಂದ ಆದ ಮಾರನೇ ದಿನ ನೀನು ಫೋನ್ ಮಾಡಿದೆಯಲ್ಲ, ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಅಂತ ದೊಡ್ಡಮ್ಮ ಹೇಳಿದಳಲ್ಲ. ಸ್ನಾನಕ್ಕೆ ಹೋಗಿರಲಿಲ್ಲ. ಫೋನು ಮೊದಲು ಎತ್ತಿದ್ದು ಅವಳೇ. ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು, "ಯಾರು?" ಅಂತ ಕೇಳಿದಳು.

ಅದರ ಮೇಲೆ ನಿನ್ನ ನಂಬರು ನೋಡಿ, "ನಿನ್ನ ಮಗಳು" ಅಂದೆ.

"ಯಾವ ಮಗಳು?"

ಕೊಂಕು ಅಲ್ಲ ಏಣಿ. ಕೊಂಕು ಆಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ತಲೆ ಕೆಟ್ಟಿದೆ ಅಂತಲೂ ಅಂದುಕೊಳ್ಳಬೇಡ. ಕೆಲಸಕ್ಕೆ ಹೋಗುತ್ತಾಳೆ, ಹಾಳೆಯ ಲೆಕ್ಕ ತಪ್ಪುವುದಿಲ್ಲ, ಊಟಕ್ಕೆ ಉಪ್ಪು ಹೆಚ್ಚಿಲ್ಲ ಕಡಿಮೆಯಿಲ್ಲ. ನಿನ್ನ ಮಾತು ಬಂದಾಗ ಮಾತ್ರ ಹೀಗೆ. ನಾನು ಒಂದು ದಿನ ರೇಗಿಬಿಟ್ಟೆ. "ಅದು ಬರೀ ಕಾಗದ ಕಣಮ್ಮ, ನಾವೆಲ್ಲ ಸೇರಿ ಹೇಳಿದ ಸುಳ್ಳು, ನಿನಗೆ ಗೊತ್ತಿಲ್ವಾ?" ಅಂದೆ. ಅವಳು ನನ್ನನ್ನೇ ನೋಡಿ ಮೆಲ್ಲಗೆ ಹೇಳಿದಳು. "ನಿಮಗೆಲ್ಲ ಅದು ಕಾಗದ ಭಾವ. ನಾನು ಕೈ ಎತ್ತಿ ಹೇಳಿದ್ದೀನಿ. ದೊಡ್ಡವಳು ಹೋದಳು ಅಂತ ನನ್ನ ಬಾಯಲ್ಲೇ ಬಂತು. ಈಗ ಆಡ್ತಿರೋಳು ಚಿಕ್ಕವಳು. ಅವಳ ಜೊತೆ ನಾನು ಇದ್ದದ್ದು ಹತ್ತೊಂಬತ್ತು ದಿನ. ಫೋನಲ್ಲಿ ಏನು ಮಾತಾಡಲಿ ಹೇಳಿ?"

ನಾನು ಬೀಗದ ಕೈ ವಾಪಸ್ ಕೊಟ್ಟೆ. ಯಾರೂ ಕೇಳಿರಲಿಲ್ಲ. ಆ ನೆಲದ ಮೇಲೆ ಕಾಲಿಡಲು ಆಗುತ್ತಿಲ್ಲ.

ನಿನ್ನ ಆಟ ನಿಲ್ಲಿಸು ಅಂತ ನಾನು ಹೇಳುವುದಿಲ್ಲ. ಹೇಳುವ ಬಾಯಿ ನನ್ನದಲ್ಲ. ಮೂರು ವರ್ಷ ಆಡು, ಕಾಲು ಇರುವ ತನಕ ಆಡು. ಆದರೆ ಅವಳಿಗೆ ಒಂದು ಕಾಗದ ಬರೆ. ನನಗಲ್ಲ, ಅವಳಿಗೆ. ಅವಳ ಮಗಳಾಗಿ ನೀನು ಕಳೆದ ಇಪ್ಪತ್ತಾರು ವರ್ಷದಲ್ಲಿ ಏನು ನೆನಪಿದೆಯೋ ಅದನ್ನೆಲ್ಲ ಬರೆ. ಕಂಡಕ್ಟರ್ ನಕ್ಕ ದಿನ ಅವಳು ಬಸ್ಸು ನಿಲ್ಲಿಸಿ ಅವನಿಗೆ ಬೈದದ್ದು ಬರೆ. ಬಟ್ಟೆಗೆ ಅಂಚು ಕೂಡಿಸಿ ಕೂಡಿಸಿ ನಿನ್ನ ಉದ್ದಕ್ಕೆ ತರುತ್ತಿದ್ದದ್ದು ಬರೆ. ಚಿಕ್ಕವಳಿಗೆ ಗೊತ್ತಿರಲು ಸಾಧ್ಯವೇ ಇಲ್ಲದ್ದನ್ನೆಲ್ಲ ಬರೆ. ಕೊನೆಯಲ್ಲಿ "ನಿನ್ನ ದೊಡ್ಡ ಮಗಳು" ಅಂತ ಸಹಿ ಹಾಕು. ಅದು ಯಾರ ಕೈಗಾದರೂ ಸಿಕ್ಕಿದರೆ ನಿನ್ನ ವಿರುದ್ಧ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ, ಅದೂ ನನಗೆ ಗೊತ್ತು. ವಕೀಲರನ್ನು ಕೇಳಿದರೆ ಬೇಡ ಅಂತಾರೆ. ಕೇಳಬೇಡ.

ಸೆಪ್ಟೆಂಬರ್ ಹನ್ನೆರಡು ಬರುತ್ತಿದೆ. ಆ ದಿನ ಬೆಳಿಗ್ಗೆ ಅವಳು ಎದ್ದಾಗ ಅದು ಕೈಯಲ್ಲಿರಬೇಕು. ಅಲ್ಲಿಂದ ಇಲ್ಲಿಗೆ ಎರಡು ವಾರ ಹಿಡಿಯುತ್ತದೆ, ಒಮ್ಮೊಮ್ಮೆ ಮೂರು. ಇದು ಮುಟ್ಟಿದ ದಿನವೇ ಕೂತು ಬರೆ ಮಗಳೇ. ತಡ ಮಾಡಬೇಡ.

ದೊಡ್ಡಪ್ಪ